ಧೂಳು ಮತ್ತು ಪಗಾರ

ಕಲಬುರಗಿ

ಚಿರಂಜೀವಿ ಮಗಳಿಗೆ ನಿನ್ನ ಕಾಕಾನ ಆಶೀರ್ವಾದಗಳು.

ನಿನ್ನ ಪತ್ರ ಮುಟ್ಟಿತು. ಮನೆಯ ಸುದ್ದಿ ನಿಮ್ಮವ್ವ ಫೋನಿನಲ್ಲಿ ಹೇಳಿರುತ್ತಾಳೆ, ಅದನ್ನು ಬಿಡುತ್ತೇನೆ. "ಕಲ್ಲು ಒಡೆಯೋ ಕ್ರಷರಿನ ಧೂಳಿನ ಮ್ಯಾಲ ಹಾಕೋ ಈ ಕೇಸು ಗೆದ್ದರ ನಮ್ಮೂರ ಮಂದಿ ಹೊಟ್ಟಿ ಮ್ಯಾಲ ನಾನೇ ಹೊಡದಂಗ ಆಗ್ತದೇನೋ ಕಾಕಾ" ಎಂದು ಬರೆದಿದ್ದೀಯಲ್ಲ, ಅದನ್ನು ಓದಿದಾಗಿನಿಂದ ಮನಸ್ಸು ನೆಟ್ಟಗಿಲ್ಲ. ಪರಿಸರದ ಕೇಸು ಕೇಳುವ ಚೆನ್ನೈಯ ಹಸಿರು ನ್ಯಾಯಮಂಡಳಿಯ ಮುಂದೆ ನಿಂತು ವಾದಿಸುವ ಹುಡುಗಿಗೆ ಈ ಮಾತು ರಾತ್ರಿ ನಿದ್ದೆ ಕೆಡಿಸುತ್ತಿದೆ ಎಂದರೆ ಸುಮ್ಮನಿರಲು ಆಗಲಿಲ್ಲ.

ನಿಮ್ಮ ದೊಡ್ಡಪ್ಪನ ಕೆಮ್ಮು, ಕೊನೆಯ ದಿನಗಳು ನಿನಗೆ ಗೊತ್ತೇ ಇವೆ. ಶಹಾಬಾದಿನಲ್ಲಿ ಫರ್ಸಿ ಕಲ್ಲು ಕೊಯ್ದು ಗಳಿಸಿದ ಅವನ ಪಗಾರದಲ್ಲೇ ನಾನು ಕಲಬುರಗಿಯಲ್ಲಿ ರೂಮು ಹಿಡಿದು ಓದಿದ್ದು, ಕೋರ್ಟಿನ ನೌಕರಿ ಸೇರಿದ್ದು. ಮಿಷಿನಿನ ಬ್ಲೇಡಿಗೆ ನೀರು ಬಿಟ್ಟರೆ ಹುಡಿ ಅಷ್ಟು ಏಳುವುದಿಲ್ಲ. ಅವನಿದ್ದಲ್ಲಿ ಪೈಪು ಇತ್ತು, ಬೇಸಿಗೆ ಬಂತೆಂದರೆ ಮಾಲಕ ನೀರು ಬಂದ್ ಮಾಡಿಸುತ್ತಿದ್ದ. "ನೀರು ಬಿಡ್ರಿ ಅಂತ ಯಾರರ ದೊಡ್ಡವರು ಹೇಳಿದ್ರ ಸಾಕಿತ್ತು" ಎಂದು ಅಣ್ಣ ಒಮ್ಮೆ ಅಂದಿದ್ದ. ಕೆಲಸ ನಿಲ್ಲಿಸಿರಿ ಎಂದು ಅವನ ಬಾಯಿಂದ ಎಂದೂ ಬರಲಿಲ್ಲ. ಎಲ್ಲ ನಿಂತೇ ಹೋಗಿದ್ದರೆ ಏನು ಮಾಡುತ್ತಿದ್ದೆ ಎಂದು ನಾನು ಅವನನ್ನು ಕೇಳಬೇಕೆಂದು ಎಷ್ಟೋ ಸಲ ಅಂದುಕೊಂಡೆ, ಕೇಳಲಾಗಲೇ ಇಲ್ಲ. ಆ ಕೊರಗು ಇನ್ನೂ ಇದೆ. ಈಗ ನೀನು ಕೇಳುತ್ತಿರುವುದೂ ಅದನ್ನೇ. ಅವನ ಪರವಾಗಿ ಉತ್ತರ ಹೇಳಲು ನಾನು ಯಾರು?

ಆದರೂ ನಿನ್ನ ಹೆದರಿಕೆಗೆ ಜಾಗ ಕೊಟ್ಟ ತೀರ್ಪುಗಳಿವೆ. 1996ರಲ್ಲಿ ಪರಿಸರದ ವಕೀಲ ಎಂ.ಸಿ. ಮೆಹ್ತಾ ಅವರ ಅರ್ಜಿಯಲ್ಲಿ ದಿಲ್ಲಿಯ 168 ಅಪಾಯಕಾರಿ ಕಾರ್ಖಾನೆಗಳು ಊರು ಬಿಡಬೇಕೆಂದ ಸುಪ್ರೀಂ ಕೋರ್ಟು, ಜೊತೆಗೆ ಹೋಗುವ ಕಾರ್ಮಿಕರಿಗೆ ಒಂದು ವರ್ಷದ ಸಂಬಳ ಕೊಡಬೇಕೆಂದು ಅದೇ ಆದೇಶದಲ್ಲಿ ಬರೆಯಿತು. ಬರೆದದ್ದು ಎಷ್ಟೋ ಜನರ ಕೈ ಸೇರಲಿಲ್ಲ, ಅದನ್ನು ನಿನ್ನಿಂದ ಮುಚ್ಚಿಡಲಾರೆ. ಅದೇ ವರ್ಷದ, ತಮಿಳುನಾಡಿನ ವೆಲ್ಲೂರಿನ ತೀರ್ಪಿನಲ್ಲಿ ಚರ್ಮ ಹದ ಮಾಡುವವರಿಗೆ ಶುದ್ಧೀಕರಣದ ವ್ಯವಸ್ಥೆಗೆ ಗಡುವು ಸಿಕ್ಕಿತು, ಬೀಗದ ಮಾತು ಬಂದದ್ದು ಆ ವ್ಯವಸ್ಥೆ ಮಾಡದವರಿಗೆ. ಇನ್ನು 2024ರ ಕೇಸು, ವಿದ್ಯುತ್ ತಂತಿಗೆ ಬಡಿದು ಸಾಯುವ, ಅಳಿವಿನಂಚಿನ ಬಸ್ಟರ್ಡ್ ಹಕ್ಕಿಯದು. ಹವಾಮಾನ ಬದಲಾವಣೆಯ ಕೆಡುಕಿನಿಂದ ಮುಕ್ತವಾಗಿರುವುದು ಸಂವಿಧಾನದ 14 ಮತ್ತು 21ನೇ ವಿಧಿಯೊಳಗಿನ ಹಕ್ಕು ಎಂದು ಹೇಳಿದ್ದು ಅಲ್ಲಿಯೇ. ಹಕ್ಕಿಯೂ ಉಳಿಯಬೇಕು, ಸೌರ ವಿದ್ಯುತ್ತಿನ ತಂತಿಯೂ ಬೇಕು ಎಂದು ತಜ್ಞರ ಸಮಿತಿಗೆ ಒಪ್ಪಿಸಿದ್ದೂ ಅದೇ ಪೀಠ. ನಿನ್ನಂಥ ಇಕ್ಕಟ್ಟಿನಲ್ಲಿ ನ್ಯಾಯಮೂರ್ತಿಗಳೂ ಕುಳಿತಿದ್ದರು.

ತೊಗರಿ ಹೂವಾಡುವ ಹೊತ್ತಿಗೆ ಮಳೆ ಹಿಡಿದು ಕುಂತರೆ ರೈತನಿಗೆ ಈ ಹಕ್ಕು ಹೇಗೆ ಮುಟ್ಟೀತು, ನಾನರಿಯೆ. ಆದರೆ ನಮ್ಮ ಮೇ ತಿಂಗಳ ಬಿಸಿಲಲ್ಲಿ ಕ್ರಷರಿನ ಕೂಲಿಯವನೂ ನಿಂತಿದ್ದಾನಲ್ಲವೇ? ಕ್ರಷರಿನ ಧೂಳು ಹೊಲಕ್ಕೆ ಬೀಳುವ ಮೊದಲು ಅವನ ಎದೆಗೇ ಹೋಗುತ್ತದೆ.

ನೀನು ಓದಿದವಳು, ಹೇಳಿದರೆ ಹೆಚ್ಚಾದೀತು. ಕೋರ್ಟಿನ ಕಚೇರಿಯಲ್ಲಿ ಶಿರಸ್ತೇದಾರನಾಗಿದ್ದವನ ಚಾಳಿ ಎಂದು ಸಹಿಸಿಕೋ. ಅವಧಿ ಮೀರಿ ಬಿದ್ದುಹೋದ ಅರ್ಜಿಗಳನ್ನು ಬಹಳ ನೋಡಿದ್ದೇನೆ. ಅರ್ಜಿ ಹಾಕಲು ನ್ಯಾಯಮಂಡಳಿ ಕಾಯ್ದೆಯಲ್ಲಿ ಪರಿಸರದ ತಕರಾರಿನ 14ನೇ ಕಲಮಿಗೆ ಆರು ತಿಂಗಳು, ಪರಿಹಾರ ಬೇಡುವ 15ನೆಯದಕ್ಕೆ ಐದು ವರ್ಷ, ದಿನ ಎಣಿಸಿಟ್ಟುಕೋ. ಮಾಲಿನ್ಯ ಮಂಡಳಿ ಕೊಟ್ಟ ಸಮ್ಮತಿ ಪತ್ರದ ಷರತ್ತು ಒಂದೊಂದಾಗಿ ಓದು. ನೀರು ಚಿಮುಕಿಸಬೇಕು, ಯಂತ್ರಕ್ಕೆ ಮುಚ್ಚಿಗೆ ಇರಬೇಕು ಎಂಬುದು ಅದರಲ್ಲೇ ಇದ್ದೀತು. ಅಣ್ಣ ಕೇಳಿದ್ದೂ ಅಷ್ಟೇ ಇತ್ತು.

ಮತ್ತೆ ಅದೇ ಮಾತಿಗೆ ಬರುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ. ದಾವೆ ಹಾಕುವ ಮೊದಲು ಕೂಲಿಯವರ ಓಣಿಗೆ ಒಮ್ಮೆ ಹೋಗಿ ಬಾ, ಹೆಣ್ಣುಮಕ್ಕಳನ್ನೂ ಮಾತಾಡಿಸು. ಅವರು ಬೈದರೂ ಕೇಳಿಸಿಕೋ. ಕರಡು ಆದ ಮೇಲೆ ನನಗೊಂದು ಪ್ರತಿ ಕಳಿಸು. ಕೋರ್ಟಿನಿಂದ ಏನು ಬೇಕೆಂದು ಕೇಳುವ ಪ್ರಾರ್ಥನೆಯ ಭಾಗದಲ್ಲಿ, ಯಂತ್ರ ಸರಿಪಡಿಸಲು ನಿಲ್ಲಿಸುವ ದಿನಗಳ ಪಗಾರ ಮಾಲಕನೇ ಕೊಡಬೇಕು ಎಂಬ ಬೇಡಿಕೆ ಇದೆಯೇ ಎಂದು ಮೊದಲು ನೋಡುತ್ತೇನೆ.

ನಿನ್ನ ಕಾಕಾ