ನಿನ್ನ ಸಂಬಳದ ಲೆಕ್ಕಕ್ಕೆ ನಮ್ಮ ಮನೆಯನ್ನು ಸೇರಿಸಬೇಡ

ಪ್ರೀತಿಯ ಮಗಳೇ,

ನೀನು ಕಳಿಸಿದ ಆಫರ್ ಲೆಟರ್ ಓದಿದೆ. ಊರಲ್ಲೇ ಕೆಲಸ ಸಿಕ್ಕಿತು, ಇನ್ನು ನಿಮ್ಮ ಜೊತೆಗೇ ಇರ್ತೀನಿ ಅಂತ ಬರೆದಿದ್ದೀಯ. ತುಂಬಾ ಖುಷಿಯಾಯಿತು. ಆದರೆ ಇಂಟರ್‌ವ್ಯೂನಲ್ಲಿ ಅವರು ಅಂದ ಒಂದು ಮಾತು ಮನಸ್ಸಲ್ಲೇ ಕೊರೀತಿದೆ. "ಅಪ್ಪ ಅಮ್ಮನ ಮನೆ ಇದೆಯಲ್ಲಮ್ಮ, ಬಾಡಿಗೆ ಕಟ್ಟೋ ಚಿಂತೆ ಇಲ್ಲ, ಇಷ್ಟು ಸಾಕಾಗುತ್ತೆ" ಅಂದರಂತೆ.

ನಮ್ಮ ಮನೆಯಲ್ಲಿ ನಿನಗೆ ಜಾಗ ಇರೋದು ನೀನು ನಮ್ಮ ಮಗಳು ಅಂತ. ಅದನ್ನು ತೋರಿಸಿ ಅವರು ಸಂಬಳ ಇಳಿಸಿದರೆ, ನಿನ್ನ ಊಟ ವಸತಿಯ ಖರ್ಚನ್ನು ಅವರ ಪರವಾಗಿ ನಾವು ಕೊಟ್ಟ ಹಾಗಾಯಿತು. ನಾಳೆ ನಿನ್ನ ಪಕ್ಕದ ಸೀಟಿಗೆ ಬೇರೆ ಊರಿನ ಹುಡುಗಿ ಬರಬಹುದು. ಅವಳು ಬಾಡಿಗೆ ಕಟ್ಟಲೇಬೇಕು. ನೀನು ಒಪ್ಪಿಕೊಂಡ ಸಂಬಳವನ್ನೇ ಅವಳಿಗೂ ತೋರಿಸ್ತಾರೆ.

ಕನಿಷ್ಠ ವೇತನಕ್ಕಿಂತ ಜಾಸ್ತಿ ಇದೆಯಲ್ಲಾ ಅಂತ ನೀನು ಸಮಾಧಾನ ಮಾಡಿಕೊಂಡಿದ್ದೀಯ. ಅದಕ್ಕಿಂತ ಕಡಿಮೆ ಕೊಟ್ಟರೆ ಕಾನೂನು ಪ್ರಕಾರ ತಪ್ಪು, ಅಷ್ಟೇ. ಬದುಕಲು ಸಾಲುವ ವೇತನ ಬೇರೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2024ರಲ್ಲಿ ಅದಕ್ಕೊಂದು ವಿವರಣೆ ಒಪ್ಪಿಕೊಂಡಿತು: ದುಡಿಯುವವರೂ ಅವರ ಕುಟುಂಬವೂ ಮರ್ಯಾದೆಯಿಂದ ಬಾಳುವಷ್ಟು ಸಂಬಳ, ಅದೂ ಮಾಮೂಲಿ ಕೆಲಸದ ಅವಧಿಯಲ್ಲೇ ಸಿಗಬೇಕು. ಈ ಕೊನೆಯ ಮಾತು ನನಗೆ ಬಹಳ ಮುಖ್ಯ ಅನಿಸುತ್ತೆ. ಓಟಿ, ಅಂದರೆ ಹೆಚ್ಚು ಹೊತ್ತಿನ ಕೆಲಸ, ಮಾಡಿದರೆ ಮಾತ್ರ ತಿಂಗಳು ಸಾಗುತ್ತೆ ಅಂದರೆ ಆ ಸಂಬಳ ಸಾಲುತ್ತಿಲ್ಲ ಅಂತಲೇ ಅರ್ಥ.

ಇದು ಹಳೇ ಜಗಳ. 1907ರಲ್ಲಿ ಆಸ್ಟ್ರೇಲಿಯಾದಲ್ಲಿ ಹಿಗಿನ್ಸ್ ಅನ್ನೋ ನ್ಯಾಯಾಧೀಶರು, ಬೇಸಾಯದ ಯಂತ್ರ ಮಾಡುವ ಕಾರ್ಖಾನೆಯೊಂದರ ಕೇಸಿನಲ್ಲಿ, ಕೂಲಿಯವನ ಸಂಸಾರಕ್ಕೆ ಎಷ್ಟು ಬೇಕು ಅನ್ನೋದರಿಂದ ಲೆಕ್ಕ ಶುರು ಮಾಡಿದರು. ಗಂಡ, ಹೆಂಡತಿ, ಮೂರು ಮಕ್ಕಳಿಗೆ ದಿನಕ್ಕೆ 7 ಶಿಲ್ಲಿಂಗ್ ಅಂತ ತೀರ್ಪಾಯಿತು. ದೊಡ್ಡ ಹೆಜ್ಜೆಯೇ. ಆದರೆ 1919ರಲ್ಲಿ ಅವರೇ ಹೆಂಗಸರ ಮೂಲ ವೇತನವನ್ನು ಗಂಡಸರ ವೇತನದ ಶೇ 54ರಷ್ಟಕ್ಕೆ ನಿಲ್ಲಿಸಿದರು. ಹೆಂಗಸಿಗೆ ಸಂಸಾರ ಸಾಕುವ ಹೊರೆ ಇಲ್ಲ ಅನ್ನೋದು ಆಗಿನ ಯೋಚನೆ. ನಿನಗೆ ಹೇಳಿದ ಮಾತೂ ಅದೇ ಜಾತಿಯದು, ಅಲ್ವಾ?

ಇಲ್ಲಿ ಇನ್ನೆಲ್ಲಿ ಕೆಲಸ ಸಿಗುತ್ತೆ ಅಮ್ಮಾ ಅಂತ ಕೇಳ್ತೀಯ. ನಿಜ. ಕೆಲಸ ಕೊಡುವವರು ಒಬ್ಬಿಬ್ಬರೇ ಇರುವ ಕಡೆ ಸಂಬಳ ಸುಲಭಕ್ಕೆ ಏರೋದಿಲ್ಲ. ಬಿಟ್ಟು ಹೋದರೆ ಸೇರಿಕೊಳ್ಳಲು ಇನ್ನೊಂದು ಕಡೆ ಇಲ್ಲ ಅಂತ ಅವರಿಗೂ ಗೊತ್ತಿರುತ್ತೆ. ಆದರೂ ಒಂದು ವಿಚಾರಿಸು. ಇದೇ ಹುದ್ದೆಗೆ ಅವರು ಪದೇ ಪದೇ ಜಾಹೀರಾತು ಹಾಕ್ತಾ ಇದ್ದರೆ, ಬಂದವರು ನಿಲ್ಲುತ್ತಿಲ್ಲ ಅಂತಾಯಿತು. ಆಗ ಅವರಿಗೂ ನಿನ್ನ ಅಗತ್ಯ ಇದೆ.

ಲೆಟರ್‌ನ ಎರಡನೇ ಪುಟ ಮತ್ತೆ ತೆಗೆದು ನೋಡು. ಮೇಲೆ ದಪ್ಪಕ್ಷರದಲ್ಲಿರೋದು ವರ್ಷದ ಮೊತ್ತ. ಅದರೊಳಗೆ ಪಿಎಫ್‌ಗೆ ಅವರು ಕಟ್ಟುವ ಪಾಲು ಸೇರಿದೆ, ವರ್ಷಗಟ್ಟಲೆ ದುಡಿದು ಕೆಲಸ ಬಿಡುವಾಗ ಕೊಡುವ ಗ್ರಾಚ್ಯುಟಿ ಸೇರಿದೆ. "ಕೆಲಸ ನೋಡಿ" ಕೊಡುವ ಇನ್ಸೆಂಟಿವ್ ಕೂಡ ಸೇರಿದೆ. ಇವೆಲ್ಲ ಕಳೆದು, ನಿನ್ನ ಪಾಲಿನ ಪಿಎಫ್ ಕಳೆದು, ಹನ್ನೆರಡರಿಂದ ಭಾಗಿಸು. ತಿಂಗಳಿಗೆ ಕೈಗೆ ಬರೋದು ಹೆಚ್ಚು ಕಡಿಮೆ ಅಷ್ಟೇ. ಅದರಲ್ಲಿ ಬಾಡಿಗೆ ಇದೆ ಅಂತಲೇ ಲೆಕ್ಕ ಹಾಕು. ಊಟ, ಓಡಾಟ, ಔಷಧಿ ಎಲ್ಲ ಬರೆ. ಕಷ್ಟಕಾಲಕ್ಕೆ ಎತ್ತಿಡೋದನ್ನೂ ಖರ್ಚಿನ ಸಾಲಲ್ಲೇ ಬರೆ. ಆಮೇಲೆ ಏನೂ ಉಳಿಯದಿದ್ದರೆ ಫೋನ್ ಮಾಡಿ ಸಂಬಳ ಹೆಚ್ಚಿಸಲು ಕೇಳು. ಓಟಿಗೆ ದುಡ್ಡು ಕೊಡ್ತಾರಾ, ಸಂಬಳ ಯಾವಾಗ ಏರಿಸ್ತಾರೆ ಅಂತಲೂ ಕೇಳಿ, ಉತ್ತರವನ್ನು ಮೇಲ್‌ನಲ್ಲಿ ತರಿಸಿಕೋ. ಅದು ಬರೋವರೆಗೂ ಸಹಿ ಹಾಕಬೇಡ.

ಅವರು ಒಪ್ಪದೆ ನೀನು ಬೇರೆ ಊರಿಗೆ ಹೋಗಬೇಕಾಗಿ ಬಂದರೆ ಹೋಗು. ಅಪ್ಪನೂ ನಾನೂ ಮಾತಾಡಿಕೊಂಡಿದ್ದೇವೆ, ಮೊದಲ ತಿಂಗಳ ಬಾಡಿಗೆ ಮತ್ತು ಅಡ್ವಾನ್ಸ್ ನಾವು ಕೊಡ್ತೀವಿ.

ನಿನ್ನ
ಅಮ್ಮ