ಅಪ್ಪನಿಗೆ, ಬರ್ಮಿಂಗ್‌ಹ್ಯಾಮ್‌ನಿಂದ

ತೀರ್ಥರೂಪ ಅಪ್ಪನಿಗೆ ಮಗಳ ನಮಸ್ಕಾರಗಳು. ನಾವಿಲ್ಲಿ ಕ್ಷೇಮ.

ಮೊನ್ನೆ ಫೋನಿನಲ್ಲಿ ನೀವು, "ಸ್ಟೆಂಟ್ ಹಾಕಿಸಿ ಆಯ್ತಲ್ಲ ಪುಟ್ಟಿ, ಕಿಡ್ನಿ ಕಥೆ ಮುಗೀತು" ಅಂದಿರಿ. ಆಮೇಲೆ ಅಮ್ಮ ಹೇಳಿದಳು, ಲಾಲ್‌ಬಾಗ್ ವಾಕಿಂಗ್ ನಿಂತು ಹದಿನೈದು ದಿನವಾಯಿತಂತೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಫೋನಿನಲ್ಲಾದರೆ ನೀವು ಮಾತು ತೇಲಿಸಿಬಿಡುತ್ತೀರಿ, ಅದಕ್ಕೇ ಈ ಕಾಗದ.

ನಮ್ಮ ಮಹಡಿ ಬಚ್ಚಲಿನ ನಲ್ಲಿ ನೆನಪಿದೆಯಾ? ರಸ್ತೆಯ ಕಾವೇರಿ ಪೈಪು ಹೊಸದಾಗಿ ಹಾಕಿದ ಮೇಲೂ ಅಲ್ಲಿ ನೀರು ಸಣ್ಣಗೇ ಬರುತ್ತಿತ್ತು. ಎಷ್ಟೋ ವರ್ಷದ ಬೋರ್ ನೀರಿನ ಉಪ್ಪು ಗೋಡೆಯೊಳಗಿನ ಪೈಪುಗಳಲ್ಲಿ ಕಟ್ಟಿತ್ತು. ಸ್ಟೆಂಟ್ ಅನ್ನುವ ಆ ಸಣ್ಣ ಜಾಲರಿ ಕೊಳವೆ ತೆರೆದದ್ದು ರಸ್ತೆಯ ಪೈಪನ್ನು, ಅಂದರೆ ಕಿಡ್ನಿಗೆ ರಕ್ತ ತರುವ ದೊಡ್ಡ ನಾಳವನ್ನು ಅಪ್ಪಾ. ಕಿಡ್ನಿಯೊಳಗೆ ಕೂದಲಿಗಿಂತ ಸಣ್ಣ ರಕ್ತನಾಳಗಳಿವೆ. ಸಕ್ಕರೆ, ಬಿಪಿ, ಹೊಟ್ಟೆಯ ಕೊಬ್ಬು ಸೇರಿ ಅವನ್ನು ಕೆಡಿಸುತ್ತಾ ಬಂದಿವೆ. ಅಲ್ಲಿಗೆ ಯಾವ ಸ್ಟೆಂಟೂ ತಲುಪುವುದಿಲ್ಲ.

ಇವೆಲ್ಲ ಒಟ್ಟಿಗೆ ಸೇರುವುದನ್ನೇ ಡಾಕ್ಟರು ಮೆಟಬಾಲಿಕ್ ಸಿಂಡ್ರೋಮ್ ಅಂದದ್ದು. ಅದಕ್ಕೆ ಐದು ಗುರುತು. ನಮ್ಮ ಕಡೆಯ ಗಂಡಸರಿಗೆ ಸೊಂಟದ ಸುತ್ತಳತೆ 90 ಸೆಂಟಿಮೀಟರ್ ಅಥವಾ ಮೇಲೆ, ಟ್ರೈಗ್ಲಿಸರೈಡ್ ಅನ್ನುವ ರಕ್ತದ ಕೊಬ್ಬು 150 ಅಥವಾ ಮೇಲೆ, ಒಳ್ಳೆಯ ಕೊಲೆಸ್ಟರಾಲ್ 40ಕ್ಕಿಂತ ಕೆಳಗೆ, ಬಿಪಿ 130/85 ಅಥವಾ ಮೇಲೆ, ಖಾಲಿ ಹೊಟ್ಟೆ ಸಕ್ಕರೆ 100 ಅಥವಾ ಮೇಲೆ. ಐದರಲ್ಲಿ ಮೂರಿದ್ದರೆ ಸಾಕು. ನಿಮಗೆ ಐದೂ ಇವೆ.

ಇಂಥವರಲ್ಲಿ ಸ್ಟೆಂಟ್ ಹಾಕಿದ ನಾಳ ಚೆನ್ನಾಗಿ ತೆರೆದಿದ್ದರೂ ಕಿಡ್ನಿಗೆ ಸಿಗುವ ಲಾಭ ಕಡಿಮೆ, ಮುಂದೆ ಡಯಾಲಿಸಿಸ್‌ಗೆ ಹೋಗುವ ಅಪಾಯ ಹೆಚ್ಚು. ಕಿಡ್ನಿಯ ನಾಳ ಕಿರಿದಾದವರ ಮೇಲೆ ನಡೆಸಿ 2009ರಲ್ಲಿ ಪ್ರಕಟಿಸಿದ ಆಸ್ಟ್ರಲ್ ಅಧ್ಯಯನದಲ್ಲಿ 806 ರೋಗಿಗಳಿದ್ದರು. 2014ರಲ್ಲಿ ಅಮೆರಿಕದಿಂದ ಕೋರಲ್ ಅನ್ನುವ ಅಂಥದೇ ಇನ್ನೊಂದು ಅಧ್ಯಯನ ಬಂತು. ಔಷಧದ ಜೊತೆ ಸ್ಟೆಂಟನ್ನೂ ಹಾಕಿದ್ದರಿಂದ ಬರೀ ಔಷಧಕ್ಕಿಂತ ಹೇಳಿಕೊಳ್ಳುವಂಥ ಲಾಭ ಎರಡರಲ್ಲೂ ಕಾಣಲಿಲ್ಲ. ನಿಮಗೆ ಎರಡು ಸಲ ಶ್ವಾಸಕೋಶದಲ್ಲಿ ನೀರು ತುಂಬಿತ್ತು, ಹಾಗಾಗಿ ಹಾಕಿಸಿದ್ದು ಸರಿಯೇ. ಆದರೆ ಉಳಿದ ಕೆಲಸ ಮಾತ್ರೆಯದು, ನಿಮ್ಮದು.

ನಾನು ದಿನವೂ ಡಯಾಲಿಸಿಸ್ ವಾರ್ಡಿನಲ್ಲಿ ನಿಲ್ಲುವವಳು. ವಾರಕ್ಕೆ ಮೂರು ದಿನ, ಒಂದೊಂದು ಸಲಕ್ಕೂ ನಾಲ್ಕು ಗಂಟೆ, ಕೈಗೆ ಸೂಜಿ ಚುಚ್ಚಿಸಿಕೊಂಡು ಮಲಗುವವರಲ್ಲಿ ನಿಮ್ಮ ವಯಸ್ಸಿನವರೇ ಬಹಳ. ಅವರ ಪಕ್ಕ ನಿಂತಾಗೆಲ್ಲ ನಿಮ್ಮ ಮುಖ ಬರುತ್ತದೆ.

ಆಸ್ಪಿರಿನ್, ಕ್ಲೊಪಿಡೋಗ್ರೆಲ್, ಸ್ಟ್ಯಾಟಿನ್, ಬಿಪಿ ಮಾತ್ರೆ, ಯಾವುದನ್ನೂ ಡಾಕ್ಟರನ್ನು ಕೇಳದೆ ಬಿಡಬೇಡಿ. ಮಂಡಿನೋವಿಗೆ ಮೆಡಿಕಲ್ ಸ್ಟೋರಿನಿಂದ ತರಿಸುವ ನೋವಿನ ಮಾತ್ರೆ ಮಾತ್ರ ಖಂಡಿತ ಬೇಡ, ಅದು ಕಿಡ್ನಿಗೆ ನೇರ ಪೆಟ್ಟು. ಹಪ್ಪಳ, ಉಪ್ಪಿನಕಾಯಿ ಅಮ್ಮ ಎತ್ತಿಡಲಿ, ಕೋಪಿಸಿಕೊಳ್ಳಬೇಡಿ. ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂದು ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆಯ ಜೊತೆ, ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿದೆಯಾ ಎಂದು ನೋಡುವ ಆಲ್ಬುಮಿನ್ ಪರೀಕ್ಷೆಯನ್ನೂ ಬರೆದುಕೊಡಲು ಡಾಕ್ಟರಿಗೆ ಕೇಳಿ.

ನಾಳೆ ಬೆಳಿಗ್ಗೆ ಗಾಜಿನ ಮನೆಯವರೆಗಾದರೂ ನಡೆದು ಬನ್ನಿ. ಅಮ್ಮನ ಹೊಲಿಗೆ ಟೇಪಿನಲ್ಲಿ ಸೊಂಟ ಅಳೆಸಿ, ಕ್ಯಾಲೆಂಡರಿನಲ್ಲಿ ಬರೆದಿಡಿ. ಭಾನುವಾರ ಫೋನ್ ಮಾಡಿದಾಗ ಮೊದಲು ಅದನ್ನೇ ಕೇಳುತ್ತೇನೆ.

ನಿಮ್ಮ
ಪುಟ್ಟಿ