ಐದನೇ ಷರತ್ತು ಹಾಕಿ: ಕಾರ್ಮಿಕ ಸಚಿವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಕಾರ್ಮಿಕ ಸಚಿವರು,
ಕರ್ನಾಟಕ ಸರ್ಕಾರ,
ವಿಧಾನಸೌಧ, ಬೆಂಗಳೂರು

ವಿಷಯ: ಐಟಿ ಕಂಪನಿಗಳು ದಿಢೀರನೆ ನೌಕರರನ್ನು ಕಚೇರಿಗೆ ಕರೆಯುವುದಕ್ಕೆ ನಿಯಮ ಮಾಡುವ ಬಗ್ಗೆ

ಮಾನ್ಯರೇ,

2024ರಲ್ಲಿ ನಿಮ್ಮ ಸರ್ಕಾರ ಐಟಿ ಕಂಪನಿಗಳಿಗೆ ಸ್ಥಾಯಿ ಆದೇಶಗಳ ಕಾಯ್ದೆಯಿಂದ, ಅಂದರೆ ಕೆಲಸದ ಷರತ್ತುಗಳನ್ನು ಕಂಪನಿ ಬರಹದಲ್ಲಿ ಖಚಿತಪಡಿಸಬೇಕು ಅನ್ನುವ ಕಾಯ್ದೆಯಿಂದ, ಮತ್ತೆ 5 ವರ್ಷ ವಿನಾಯಿತಿ ಕೊಟ್ಟಿತು. 2014ರಲ್ಲೂ ಕೊಟ್ಟಿದ್ದರು, 2019ರಲ್ಲೂ ಕೊಟ್ಟಿದ್ದರು. 1946ರ ಆ ಕಾಯ್ದೆಯಲ್ಲಿ ಏನಿದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ವಿನಾಯಿತಿಯ ಜೊತೆ ಹಾಕಿದ ನಾಲ್ಕು ಷರತ್ತುಗಳೂ ನಿಮಗೆ ಗೊತ್ತು. ಲೈಂಗಿಕ ಕಿರುಕುಳದ ದೂರಿಗೆ ಸಮಿತಿ ಇರಬೇಕು. ನೌಕರರೂ ಸಮಪಾಲಿನಲ್ಲಿರುವ ಕುಂದುಕೊರತೆ ಸಮಿತಿ ಇರಬೇಕು. ಯಾರನ್ನಾದರೂ ಅಮಾನತು ಮಾಡಿದರೆ, ತೆಗೆದುಹಾಕಿದರೆ ಇಲಾಖೆಗೆ ತಿಳಿಸಬೇಕು. ಇಲಾಖೆ ಸೇವಾ ಷರತ್ತುಗಳ ಮಾಹಿತಿ ಕೇಳಿದರೆ ಕೊಡಬೇಕು. ಅಷ್ಟೇ. ಇವತ್ತು ಮನೆಯಿಂದ ಕೆಲಸ ಅಂದವರು ನಾಳೆ ಕಚೇರಿಗೆ ಬಾ ಅಂದರೆ ಏನು ಮಾಡಬೇಕು ಎಂಬುದಕ್ಕೆ ಎಲ್ಲೂ ಒಂದು ಸಾಲಿಲ್ಲ. ಆ ಒಂದು ಸಾಲು ಕೇಳುವುದಕ್ಕೇ ಈ ಪತ್ರ.

ನಾನು ದಾವಣಗೆರೆಯವಳು. ಕೊರೊನಾ ಕಾಲದಲ್ಲಿ ಈ ಕಂಪನಿ ಸೇರಿದೆ. ಎಲ್ಲಿಂದ ಬೇಕಾದರೂ ಕೆಲಸ ಮಾಡಬಹುದು ಅಂತ ನೇಮಕಾತಿ ಪತ್ರದಲ್ಲೇ ಇತ್ತು. ಅದನ್ನು ನಂಬಿ ಬೆಂಗಳೂರಿನ ಬಾಡಿಗೆ ಮನೆ ಬಿಟ್ಟು ಅಪ್ಪ ಅಮ್ಮನ ಜೊತೆ ಇದ್ದೆ. ಕೆಲಸದಲ್ಲಿ ಒಂದು ದಿನವೂ ಹಿಂದೆ ಬಿದ್ದವಳಲ್ಲ. ಹೆರಿಗೆ ರಜೆ ಮುಗಿಸಿ ಮತ್ತೆ ಮನೆಯಿಂದಲೇ ಶುರು ಮಾಡಿದೆ. ಒಂದು ಶುಕ್ರವಾರ ಸಂಜೆ ಮೇಲ್ ಬಂತು. ಸೋಮವಾರದಿಂದ ವಾರದ ಐದೂ ದಿನ ಬೆಳ್ಳಂದೂರಿನ ಕಚೇರಿಗೆ ಬರಬೇಕು. ಶುಕ್ರವಾರ ಸಂಜೆ ಹೇಳಿ ಸೋಮವಾರ ಬಾ ಅಂದರೆ ಎಲ್ಲಿಗೆ ಬರುವುದು ಸಾರ್? ಮನೆ ಎಲ್ಲಿದೆ?

ಕಾಡಿ ಬೇಡಿ ಕೆಲವು ವಾರ ತೆಗೆದುಕೊಂಡೆ. ಹೊರಮಾವಿನಲ್ಲಿ ಮನೆ ಸಿಕ್ಕಿತು. ಅಡ್ವಾನ್ಸ್ ಕಟ್ಟಲು ಅಮ್ಮನ ಬಳೆ ಅಡವಿಟ್ಟೆವು. ಮಗು ನೋಡಿಕೊಳ್ಳಲು ಅಮ್ಮ ನನ್ನ ಜೊತೆ ಬಂದರು. ಶುಗರ್ ಇರುವ ಅಪ್ಪ ದಾವಣಗೆರೆಯಲ್ಲಿ ಒಬ್ಬರೇ ಉಳಿದರು. ಇನ್ಸುಲಿನ್ ತಗೊಂಡ್ರಾ ಅಂತ ದಿನಾ ಕ್ಯಾಬಿನಲ್ಲಿ ಕೂತು ಫೋನ್ ಮಾಡಿ ಕೇಳುತ್ತೇನೆ. ಇಷ್ಟೆಲ್ಲ ಮಾಡಿ ಕಚೇರಿಗೆ ಹೋದರೆ ನನಗೆ ಕುರ್ಚಿ ಇಲ್ಲ. ಮೊದಲು ಬಂದವರಿಗೆ ಸೀಟು. ನನ್ನ ತಂಡದ ಒಬ್ಬರೂ ಆ ಕಟ್ಟಡದಲ್ಲಿಲ್ಲ. ಅರ್ಧ ಜನ ಪುಣೆಯಲ್ಲಿ, ಅರ್ಧ ಜನ ಚೆನ್ನೈಯಲ್ಲಿ. ಹೆಡ್‌ಫೋನ್ ಹಾಕಿಕೊಂಡು ಕ್ಯಾಂಟೀನಿನ ಮೂಲೆಯಲ್ಲಿ ಕೂತು ಅವರ ಜೊತೆ ಮಾತಾಡುತ್ತೇನೆ. ದಾವಣಗೆರೆಯಲ್ಲಿ ಮಾಡುತ್ತಿದ್ದದ್ದೂ ಇದನ್ನೇ.

ಒಂದು ದಿನದ ಕಥೆ ಹೇಳಲೇಬೇಕು. ರಾತ್ರಿಯಿಡೀ ಮಳೆ ಸುರಿದಿತ್ತು. ಬೆಳಿಗ್ಗೆ ಏಳೂವರೆಗೆ ಹೊರಟೆ. ಮಾರತ್ತಹಳ್ಳಿ ದಾಟಿದ ಮೇಲೆ ಕ್ಯಾಬ್ ನಿಂತೇಬಿಟ್ಟಿತು. ಮುಂದೆ ಸರ್ವಿಸ್ ರಸ್ತೆಯಲ್ಲಿ ಮೊಣಕಾಲುದ್ದ ನೀರು. ಗ್ರಾಹಕರ ಜೊತೆಗಿನ ಮೀಟಿಂಗನ್ನು ಕ್ಯಾಬಿನಲ್ಲೇ ಮುಗಿಸಿದೆ. ಕಚೇರಿ ಮುಟ್ಟುವಾಗ ಹನ್ನೊಂದು ಆಗುತ್ತಾ ಬಂದಿತ್ತು. ಮಗುವಿಗೆ ಹಾಲು ಕೊಟ್ಟು ಮೂರೂವರೆ ಗಂಟೆ ಆಗಿತ್ತು. ಎದೆ ಕಲ್ಲಾಗಿತ್ತು, ಕುರ್ತಾ ಒದ್ದೆಯಾಗಿತ್ತು. ಹಾಲು ತೆಗೆಯಲು ಒಂದು ಕೋಣೆ ಕೊಡಿ ಅಂತ ಕೇಳಿದೆ. ಮೀಟಿಂಗ್ ಕೋಣೆಗಳು ಬುಕ್ ಆಗಿವೆ ಅಂದರು. ಕೊನೆಗೆ ಶೌಚಾಲಯದಲ್ಲಿ ನಿಂತು ತೆಗೆದೆ. ಹೊರಗೆ ಯಾರೋ ಬಾಗಿಲು ಬಡಿಯುತ್ತಿದ್ದರು. ಅಲ್ಲಿ ತೆಗೆದ ಹಾಲನ್ನು ಮಗುವಿಗೆ ಹೇಗೆ ಕೊಡಲಿ? ಅಳುತ್ತಾ ಚೆಲ್ಲಿದೆ.

ಸಂಜೆ ಅಮ್ಮನಿಂದ ಮೇಲಿಂದ ಮೇಲೆ ಫೋನ್. ಮಗುವಿಗೆ ಜ್ವರ. ಆರಕ್ಕೆ ಹೊರಟೆ. ತಿಂಗಳ ಕೊನೆಗೆ ನೋಡಿದರೆ ಆ ದಿನ ನನಗೆ ಅರ್ಧ ದಿನದ ರಜೆ ಕಡಿತ. ಗೇಟಿನ ಕಾರ್ಡ್ ಲೆಕ್ಕದಲ್ಲಿ ಎಂಟು ಗಂಟೆ ತುಂಬಿಲ್ಲವಂತೆ. ಕ್ಯಾಬಿನಲ್ಲಿ ಮಾಡಿದ ಮೀಟಿಂಗ್, ರಾತ್ರಿ ಮಗುವನ್ನು ತೊಡೆ ಮೇಲೆ ಮಲಗಿಸಿಕೊಂಡು ಕಳಿಸಿದ ವರದಿ ಯಾವುದೂ ಲೆಕ್ಕಕ್ಕಿಲ್ಲ. ಎಚ್‌ಆರ್‌ಗೆ ಬರೆದೆ. "ಸಿಸ್ಟಮ್ ಹಾಗೇ ಲೆಕ್ಕ ಹಾಕುತ್ತೆ" ಅಂತ ಉತ್ತರ ಬಂತು. ಕುಂದುಕೊರತೆ ಸಮಿತಿಯಲ್ಲಿ ಯಾರಿದ್ದಾರೆ ಹೇಳಿ, ಅಲ್ಲಿ ಕೇಳುತ್ತೇನೆ ಅಂದೆ. ನನ್ನ ಪತ್ರವನ್ನು ನನ್ನ ಮ್ಯಾನೇಜರ್‌ಗೇ ಕಳಿಸಿದರು. ನೀವು ಹಾಕಿದ ಷರತ್ತಿಗೆ ಇಷ್ಟು ಬೆಲೆ.

ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಬಂತು. 50 ಅಥವಾ ಅದಕ್ಕಿಂತ ಜಾಸ್ತಿ ನೌಕರರಿದ್ದರೆ ಶಿಶುಪಾಲನಾ ಕೇಂದ್ರ ಇರಬೇಕು. ತಾಯಿಗೆ ದಿನಕ್ಕೆ ನಾಲ್ಕು ಸಲ ಮಗುವನ್ನು ನೋಡಿಬರಲು ಬಿಡಬೇಕು. ನಮ್ಮ ಕಂಪನಿ ತೋರಿಸುವ ಕೇಂದ್ರ ವೈಟ್‌ಫೀಲ್ಡ್‌ನಲ್ಲಿದೆ. ಬೆಳ್ಳಂದೂರಿನಿಂದ ನಾಲ್ಕು ಸಲ ಹೋಗಿಬಂದರೆ ದಿನವೇ ಮುಗಿಯುತ್ತದೆ, ಅಲ್ವಾ? ಹಳ್ಳಿಯಲ್ಲಿ ನರೇಗಾ ಕೆಲಸಕ್ಕೆ ಹೋಗುವ ತಾಯಂದಿರಿಗೆ ನಿಮ್ಮ ಸರ್ಕಾರವೇ 'ಕೂಸಿನ ಮನೆ' ಮಾಡಿದೆ. ಒಳ್ಳೆಯ ಕೆಲಸ, ಮನಸಾರೆ ಹೇಳುತ್ತೇನೆ. ಅಷ್ಟು ದೊಡ್ಡ ಗಾಜಿನ ಕಟ್ಟಡದಲ್ಲಿ ಅಂಥ ಒಂದು ಕೋಣೆ ಯಾಕಿಲ್ಲ ಅಂತ ಬಂದು ಕೇಳುವವರು ಯಾರು?

ಅದೇ ತಿದ್ದುಪಡಿಯಲ್ಲಿ ಹೆರಿಗೆ ರಜೆಯ ನಂತರ ಮನೆಯಿಂದ ಕೆಲಸ ಮಾಡುವ ಮಾತೂ ಇದೆ. ಆದರೆ ಕಂಪನಿ ಒಪ್ಪಿದರೆ ಮಾತ್ರ. ನಮ್ಮ ಕಂಪನಿ ಒಪ್ಪಲಿಲ್ಲ, ಕಾರಣವನ್ನೂ ಕೊಡಲಿಲ್ಲ. ಐದನೇ ಷರತ್ತು ಬೇಕಾಗಿರುವುದು ಇದಕ್ಕೇ.

ಎಲ್ಲರೂ ಯಾವಾಗಲೂ ಮನೆಯಲ್ಲೇ ಇರಲಿ ಅಂತ ನಾನು ಹೇಳುತ್ತಿಲ್ಲ. ಹೊಸದಾಗಿ ಸೇರಿದ ಹುಡುಗರು ಪಕ್ಕದಲ್ಲಿ ಕೂತು ಕಲಿಯಬೇಕು, ನಾನೂ ಹಾಗೇ ಕಲಿತವಳು. ಒಂದೇ ಕೋಣೆಯ ಮನೆಯಲ್ಲಿರುವವರಿಗೆ ಕಚೇರಿಯೇ ಮೇಲು. ವಾರಕ್ಕೆ ಎರಡು ಮೂರು ದಿನ ಅಂದರೆ ಹೇಗೋ ಹೊಂದಿಸಿಕೊಳ್ಳಬಹುದು. ಆದರೆ ಬರಹದಲ್ಲಿ ಕೊಟ್ಟ ಮಾತನ್ನು ಒಂದು ಮೇಲ್‌ನಲ್ಲಿ ಅಳಿಸಿಹಾಕುವುದು, ಒಪ್ಪದಿದ್ದರೆ ರಾಜೀನಾಮೆ ಕೊಡಿ ಅನ್ನುವುದು ಅನ್ಯಾಯ. ಹಾಗೆ ರಾಜೀನಾಮೆ ಕೊಟ್ಟವರನ್ನು ತೆಗೆದುಹಾಕಿದವರು ಅಂತ ಯಾರೂ ನಿಮ್ಮ ಇಲಾಖೆಗೆ ತಿಳಿಸುವುದಿಲ್ಲ. ನಿಮ್ಮ ಕಡತದಲ್ಲಿ ಅವರ ಹೆಸರೇ ಇರುವುದಿಲ್ಲ.

ಖಾಸಗಿ ಕಂಪನಿಗಳ ವಿಷಯದಲ್ಲಿ ಸರ್ಕಾರ ತಲೆ ಹಾಕಲಾಗದು ಅನ್ನುತ್ತೀರಾ? 2021ರ ಆಗಸ್ಟ್‌ನಲ್ಲಿ ರಾಜ್ಯದ ಐಟಿ-ಬಿಟಿ ಇಲಾಖೆಯೇ ಐಟಿ ಕಂಪನಿಗಳ ಒಕ್ಕೂಟವಾದ ನಾಸ್ಕಾಂಗೆ ಪತ್ರ ಬರೆದಿತ್ತು. ಸಿಲ್ಕ್ ಬೋರ್ಡ್‌ನಿಂದ ಕೆ.ಆರ್.ಪುರದವರೆಗೆ ಮೆಟ್ರೋ ಕೆಲಸ ನಡೆಯುತ್ತಿದೆ, 2022ರ ಡಿಸೆಂಬರ್‌ವರೆಗೆ ಮನೆಯಿಂದಲೇ ಕೆಲಸ ಮಾಡಿಸಿ ಅಂತ ಕೇಳಿತ್ತು. 2025 ಮುಗಿಯುವಾಗಲೂ ಆ ದಾರಿಯಲ್ಲಿ ಮೆಟ್ರೋ ಓಡಲಿಲ್ಲ. ಇಬ್ಬಲೂರಿನ ಟ್ರಾಫಿಕ್ ಇಳಿಸಲು ಕ್ಯಾಂಪಸ್ ಒಳಗೆ ವಾಹನ ಬಿಡಿ ಅಂತ 2025ರ ಸೆಪ್ಟೆಂಬರ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ವಿಪ್ರೋದ ಅಜೀಂ ಪ್ರೇಮ್‌ಜಿಯವರಿಗೆ ಪತ್ರ ಬರೆದರು. ಅವರು ಆಗುವುದಿಲ್ಲ ಅಂದರು. ಕಾರು ಹೋಗಲು ದಾರಿ ಕೇಳಿದಿರಿ. ಆ ಕಾರುಗಳಲ್ಲಿ ಕೂತ ಎಷ್ಟೋ ಜನ ಆ ದಿನ ರಸ್ತೆಗೆ ಇಳಿಯುವ ಅಗತ್ಯವೇ ಇರಲಿಲ್ಲ ಅಂತ ಯಾರೂ ಯಾಕೆ ಕೇಳಲಿಲ್ಲ?

ನೀವು ಮನಸ್ಸು ಮಾಡಿದರೆ ಆಗುತ್ತದೆ ಅಂತ ನನಗೆ ಗೊತ್ತು. ವರ್ಷಕ್ಕೆ 12 ದಿನ ವೇತನ ಸಹಿತ ಮುಟ್ಟಿನ ರಜೆಗೆ 2025ರ ಅಕ್ಟೋಬರ್‌ನಲ್ಲಿ ಸಂಪುಟ ಒಪ್ಪಿಗೆ ಕೊಟ್ಟಿತು, ಖಾಸಗಿ ಕಂಪನಿಗಳನ್ನೂ ಸೇರಿಸಿ. ಅದಾದ ಮೇಲೆ ಅದೇ ವರ್ಷದ ನವೆಂಬರ್ 21ರಿಂದ ಹಳೆಯ ಕಾರ್ಮಿಕ ಕಾಯ್ದೆಗಳ ಬದಲಿಗೆ ಕೇಂದ್ರದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಹೇಗೂ ರಾಜ್ಯದ ನಿಯಮಗಳನ್ನು ಹೊಸದಾಗಿ ಮಾಡಬೇಕು. ವಿನಾಯಿತಿಯ ಆದೇಶದಲ್ಲಾದರೂ ಸರಿ, ಹೊಸ ನಿಯಮದಲ್ಲಾದರೂ ಸರಿ, ಐದನೇ ಷರತ್ತು ಸೇರಿಸಿ.

ನೌಕರರು ಕೆಲಸ ಮಾಡುವ ಜಾಗ ಬದಲಿಸುವುದಾದರೆ ಮೂರು ತಿಂಗಳ ಮುಂಚೆ ಬರಹದಲ್ಲಿ ಕಾರಣ ಕೊಟ್ಟು ತಿಳಿಸಬೇಕು. ಕುಂದುಕೊರತೆ ಸಮಿತಿ ಅದನ್ನು ಕೇಳಬೇಕು. ಮನೆಯಿಂದ ಆಗುವ ಕೆಲಸವಾದರೆ, ಮಗುವಿಗೆ ಒಂದು ವರ್ಷ ತುಂಬುವವರೆಗೆ ತಾಯಿಯನ್ನು ಕಚೇರಿಗೆ ಬಲವಂತವಾಗಿ ಕರೆಯಬಾರದು. ಇಷ್ಟು ಸಾಕು. ಕಂಪನಿಗೆ ಇದರಿಂದ ಒಂದು ರೂಪಾಯಿಯೂ ನಷ್ಟವಿಲ್ಲ.

ಪರಿಶೀಲಿಸಲಾಗುವುದು ಎಂಬ ಉತ್ತರ ದಯವಿಟ್ಟು ಬೇಡ. ಅಂಥ ಉತ್ತರ ಓದಿ ಓದಿ ಸಾಕಾಗಿದೆ. ಷರತ್ತು ಹಾಕುತ್ತೀರಾ, ಹಾಕುವುದಿಲ್ಲವಾ, ಅದನ್ನು ತಿಳಿಸಿ. ಹಾಕಿದರೆ ಅದನ್ನು ಪಾಲಿಸುತ್ತಿದ್ದಾರಾ ಅಂತ ನೋಡಲು ನಿಮ್ಮ ಅಧಿಕಾರಿಗಳನ್ನು ಹೊರವರ್ತುಲ ರಸ್ತೆಗೆ ಕಳಿಸಿ. ಕುಂದುಕೊರತೆ ಸಮಿತಿಯ ಸದಸ್ಯರ ಪಟ್ಟಿ ತೋರಿಸಿ ಅಂತ ಮೊದಲು ಕೇಳಲಿ.

ಇಂತಿ ತಮ್ಮ ವಿಶ್ವಾಸಿ,
ಬೆಳ್ಳಂದೂರಿನ ಒಂದು ಐಟಿ ಕಂಪನಿಯ ನೌಕರಳು